ಸಿಯಾಟಲ್‌ನ ಡಿಸೈನ್ ರಿವ್ಯೂ ಸಭೆ: ಪಾರ್ಕಿಂಗ್ ಕೇಳಲು ಹೋಗಿ ಕಸದ ಡಬ್ಬಿ ಕಥೆ ಕೇಳಿ ಬಂದೆ

ಅಮೆರಿಕದ ಸಿಯಾಟಲ್‌ನಲ್ಲಿ ಹೊಸ ಕಟ್ಟಡದ ವಿನ್ಯಾಸ ಹೇಗಿರಬೇಕು ಅಂತ ಒಂದು ಬೋರ್ಡ್ ಜನರ ಮುಂದೆ ಚರ್ಚಿಸುವುದೇ ಡಿಸೈನ್ ರಿವ್ಯೂ. ಅದಕ್ಕೆ 5ಕ್ಕೆ 3.5 ಕೊಡುತ್ತೇನೆ. ಅರ್ಧ ಅಂಕ ಕಸದ ಡಬ್ಬಿಗೆ. ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ಬೀದಿಯ ತುದಿಯ ಹಳೇ ಅಂಗಡಿ ಮುಂದೆ ಒಂದು ದಿನ ದೊಡ್ಡ ಬಿಳಿ ಹಲಗೆ ನಿಂತಿತ್ತು. ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂದಿದೆ, ಏನಾದರೂ ಹೇಳುವುದಿದ್ದರೆ ಹೇಳಿ ಅಂತ. ಬೆಂಗಳೂರಿನಲ್ಲಿ ಜೆಸಿಬಿ ಬಂದ ಮೇಲೇ ತಾನೇ ಪಕ್ಕದ ಸೈಟಿನ ಸಮಾಚಾರ ಗೊತ್ತಾಗೋದು? ಇಷ್ಟು ಮರ್ಯಾದೆ ನೋಡಿ ಖುಷಿಯಾಗಿ ಸಭೆಗೆ ಹೋಗೇಬಿಟ್ಟೆ. ಕೋವಿಡ್‌ಗೆ ಮುಂಚಿನ ಮಾತು ಇದು. 2020ರಲ್ಲಿ ಸಭೆಗಳು ಆನ್‌ಲೈನ್ ಆದವು.

ಈ ವ್ಯವಸ್ಥೆ ಶುರುವಾದದ್ದು 1994ರಲ್ಲಿ. ನಾನು ಹೋದಾಗ ಹೀಗಿತ್ತು: ಊರಿನ ಒಂದೊಂದು ಭಾಗಕ್ಕೆ ಒಂದೊಂದು ಬೋರ್ಡ್, ಅದರಲ್ಲಿ ಐದು ಜನ. ಆರ್ಕಿಟೆಕ್ಟ್, ಕಟ್ಟಡ ಕಟ್ಟಿಸುವ ಉದ್ಯಮದವರು, ವ್ಯಾಪಾರದವರು, ಅಲ್ಲೇ ವಾಸ ಇರುವವರು. ಸಂಬಳ ಇರಲಿಲ್ಲ, ಎಲ್ಲರೂ ಸ್ವಯಂಸೇವಕರು. ಬಿಲ್ಡರ್ ಪರವಾಗಿ ಬಂದವರು ಕಟ್ಟಡದ ಮೂರು ಬೇರೆ ಬೇರೆ ಆಕಾರ ತೋರಿಸಬೇಕಿತ್ತು. ಮೂರರಲ್ಲಿ ಎರಡು ಸುಮ್ನೆ ಲೆಕ್ಕಕ್ಕೆ, ಅವರಿಗೆ ಬೇಕಾದದ್ದು ಯಾವುದು ಅಂತ ಮಕ್ಕಳಿಗೂ ಗೊತ್ತಾಗ್ತಿತ್ತು.

ಆಮೇಲೆ ನಮ್ಮ ಸರದಿ, ತಲಾ ಒಂದೆರಡು ನಿಮಿಷ. ನಾನು ಚೀಟಿಯಲ್ಲಿ ಬರೆದುಕೊಂಡು, ಮನೆಯಲ್ಲಿ ಹೆಂಡತಿ ಮುಂದೆ ಓದಿ ಪ್ರಾಕ್ಟೀಸ್ ಮಾಡಿ ಹೋಗಿದ್ದೆ. ವಿಷಯ ಪಾರ್ಕಿಂಗ್. ಮುಗಿಸಿದ ಮೇಲೆ ತುಂಬ ಸೌಜನ್ಯದಿಂದಲೇ ಹೇಳಿದರು: ಪಾರ್ಕಿಂಗ್, ಟ್ರಾಫಿಕ್ ಬೋರ್ಡಿನ ಕೈಯಲ್ಲಿಲ್ಲ. ಎತ್ತರವೂ ಅಷ್ಟೇ, ಅದು ಝೋನಿಂಗ್, ಅಂದರೆ ಎಲ್ಲಿ ಏನು ಎಷ್ಟು ಕಟ್ಟಬಹುದು ಅನ್ನುವ ನಿಯಮ, ಸಿಟಿ ಕೌನ್ಸಿಲ್ ಕೆಲಸ. ಓದಿಕೊಂಡು ಹೋಗದಿದ್ದದ್ದು ನನ್ನದೇ ತಪ್ಪು ಬಿಡಿ. ಬಸ್ಸು ಜಾಸ್ತಿ ಓಡಾಡುವ ಕಡೆ ಎಷ್ಟೋ ಕಟ್ಟಡಗಳಿಗೆ ಪಾರ್ಕಿಂಗ್ ಬೇಕೇಬೇಕು ಅನ್ನುವ ನಿಯಮವನ್ನೇ ಕೌನ್ಸಿಲ್‌ನವರು ಎಂದೋ ತೆಗೆದುಹಾಕಿದ್ದಾರೆ. ಅಂದರೆ ನಾನು ಜಗಳ ಆಡಬೇಕಿದ್ದದ್ದು ಆ ಬಿಳಿ ಹಲಗೆ ಬರುವುದಕ್ಕೆ ವರ್ಷಗಳ ಮುಂಚೆ, ಬೇರೆ ಕಟ್ಟಡದಲ್ಲಿ, ಬೇರೆ ಜನರ ಮುಂದೆ!

ಬೇಜಾರಾದರೂ ಎದ್ದು ಬರಲಿಲ್ಲ, ಒಳ್ಳೇದೇ ಆಯಿತು. ಬೋರ್ಡಿನ ಐದೂ ಜನ ನಮ್ಮೆದುರೇ ಚರ್ಚೆ ಮಾಡಿದರು, ಬಾಗಿಲು ಹಾಕಿಕೊಂಡು ಅಲ್ಲ. ಒಬ್ಬರು ನಕ್ಷೆ ಮೇಲೆ ಪೆನ್ಸಿಲ್ ಇಟ್ಟು, ಕಸದ ಲಾರಿ ಬರುವ ದಿನ ಈ ಡಬ್ಬಿಗಳೆಲ್ಲ ಎಲ್ಲಿ ನಿಲ್ಲುತ್ತವೆ ಅಂತ ಕೇಳಿದರು. ಫುಟ್‌ಪಾತ್ ಮೇಲೆ, ಅಂದ ಬಿಲ್ಡರ್ ಕಡೆಯ ಆರ್ಕಿಟೆಕ್ಟ್. ಹಾಗಾದರೆ ಮಗುವಿನ ಗಾಡಿ ತಳ್ಳಿಕೊಂಡು ಬರುವವರು ರಸ್ತೆಗೆ ಇಳಿಯಬೇಕಾ? ಆ ಮನುಷ್ಯನ ಹತ್ತಿರ ಉತ್ತರ ಇರಲಿಲ್ಲ. ಹತ್ತಿರತ್ತಿರ ಇಪ್ಪತ್ತು ನಿಮಿಷ ಇದೇ ಮಾತು.

ಬೋರ್ಡಿಗೆ ನಿಜವಾದ ಹಿಡಿತ ಸಿಗುತ್ತಿದ್ದದ್ದು ಬಿಲ್ಡರ್ ನಿಯಮದಲ್ಲಿ ರಿಯಾಯಿತಿ ಕೇಳಿದಾಗ. ಕಟ್ಟಡದ ಸುತ್ತ ನಿಯಮಕ್ಕಿಂತ ಕಡಿಮೆ ಜಾಗ ಬಿಡುತ್ತೇನೆ ಅಂದರೆ, ಅದರಿಂದ ವಿನ್ಯಾಸ ಹೇಗೆ ಚೆನ್ನಾಗಾಗುತ್ತದೆ ಅಂತ ಅವನೇ ತೋರಿಸಬೇಕಿತ್ತು. ಬೋರ್ಡ್ ಕೊಡುತ್ತಿದ್ದದ್ದು ಶಿಫಾರಸು ಮಾತ್ರ, ಕೊನೆಯ ತೀರ್ಮಾನ ಕಟ್ಟಡಕ್ಕೆ ಅನುಮತಿ ಕೊಡುವ ಸಿಟಿ ಇಲಾಖೆಯ ನಿರ್ದೇಶಕರದ್ದು. ಆದರೆ ನಾಲ್ಕು ಜನ ಒಪ್ಪಿದ್ದನ್ನು ಅವರು ಸುಲಭವಾಗಿ ತಳ್ಳಿಹಾಕುವ ಹಾಗಿರಲಿಲ್ಲ.

ಒಂದೂವರೆ ಅಂಕ ಕಳೆದದ್ದು ಸಭೆಗಳ ಲೆಕ್ಕಕ್ಕೆ. ಮೊದಲು ಒಂದು, ಆಮೇಲೆ ಶಿಫಾರಸಿಗೆ ಇನ್ನೊಂದು, ಸಮಾಧಾನ ಆಗದಿದ್ದರೆ ಮತ್ತೆ ಬಾ ಅನ್ನುತ್ತಿದ್ದರು. ಬಿಲ್ಡರ್ ಸಾಲದ ಅಷ್ಟು ತಿಂಗಳ ಬಡ್ಡಿ ಕೊನೆಗೆ ಬಾಡಿಗೆಯಲ್ಲೇ ಬರುತ್ತದೆ ಅಲ್ವಾ? 2023ರಲ್ಲಿ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವೇ ಕಾನೂನು ಮಾಡಿತು: ವಿನ್ಯಾಸದ ನಿಯಮಗಳು ಸ್ಪಷ್ಟವಾಗಿರಬೇಕು, ಸಾರ್ವಜನಿಕ ಸಭೆ ಒಂದಕ್ಕಿಂತ ಹೆಚ್ಚು ಬೇಡ. ನನಗೆ ಸರಿ ಅನ್ನಿಸಿತು, ಪಕ್ಕದ ಮನೆಯ ಅಜ್ಜಿಗೆ ಸಿಟ್ಟು ಬಂತು.

ಕಟ್ಟಡ ಎದ್ದು ನಿಂತಿದೆ. ಡಬ್ಬಿಗಳು ಹಿಂದಿನ ಗಲ್ಲಿಗೆ ಹೋಗಿವೆ, ಫುಟ್‌ಪಾತ್ ಖಾಲಿ. ನಾನು ಮಾತ್ರ ಈಗಲೂ ಕಾರು ನಿಲ್ಲಿಸಲು ಬೀದಿ ಎರಡು ಸುತ್ತು ಹಾಕುತ್ತೇನೆ.