ಏರ್‌ಸಾಫ್ಟ್‌ಗೆ ಅಮ್ಮೋ ಬ್ಯಾಗ್: ಎರಡು ವರ್ಷ ಹೊತ್ತ ಮೇಲೆ

ಮೊದಲ ಸಲ ಈ ಅಮ್ಮೋ ಬ್ಯಾಗ್, ಅಂದರೆ ಗುಂಡು ತುಂಬುವ ಬೆನ್ನುಚೀಲ, ಹಾಕಿಕೊಂಡು ವಿಡಿಯೋ ಕಾಲ್ ಮಾಡಿದಾಗ ತೀರ್ಥಹಳ್ಳಿಯಿಂದ ಅಮ್ಮ ಕೇಳಿದ್ದು, "ಎಂತ ಮಾರಾಯ ಅದು, ತೋಟಕ್ಕೆ ಔಷಧಿ ಹೊಡಿಯೋ ಕ್ಯಾನಾ?" ನಗು ಬಂತು, ಆದರೆ ಅಮ್ಮ ಹೇಳಿದ್ದು ಸರಿಯಾಗೇ ಇತ್ತು. ಬೆನ್ನಿಗೆ ಡಬ್ಬ, ಅಲ್ಲಿಂದ ಸೊಂಟದ ಪಕ್ಕ ಬರುವ ಪೈಪು, ಪೈಪಿನ ತುದಿಗೆ ಗನ್ನು.

ಗೊತ್ತಿಲ್ಲದವರಿಗೆ: ಏರ್‌ಸಾಫ್ಟ್ ಅಂದರೆ 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ಅಂದರೆ ಬಿಬಿ, ಹೊಡೆದು ಆಡುವ ಆಟ. ನಾನಿರುವ ಇಂಗ್ಲೆಂಡಿನಲ್ಲಿ ವಾರಾಂತ್ಯಕ್ಕೆ ಕಾಡಿನಲ್ಲಿ ಆಡುತ್ತಾರೆ. ನಾನು ಸಪೋರ್ಟ್ ಗನ್ನರ್, ಅಂದರೆ ದೊಡ್ಡ ಗನ್ನಿನಿಂದ ಒಂದೇ ಸಮನೆ ಹೊಡೆದು ತಂಡಕ್ಕೆ ಬೆಂಬಲ ಕೊಡುವವನು. ನನ್ನ ಹತ್ತಿರ ಇರುವುದು ಎಂ249 ಎಂಬ ಮೆಷಿನ್ ಗನ್ನಿನ ನಕಲು, ಅದರ ಕೆಳಗೆ 2,500 ಬಿಬಿ ಹಿಡಿಯುವ ಬಾಕ್ಸ್ ಮ್ಯಾಗ್, ಅಂದರೆ ಮೋಟರಿನಿಂದ ಬಿಬಿ ತಳ್ಳುವ ಡಬ್ಬ. ಗನ್ನೇ ಭಾರ, ಅದಕ್ಕೆ ಬಾಕ್ಸ್ ನೇತುಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಎಡಗೈ ಸತ್ತುಹೋಗುತ್ತದೆ. ಬಾಕ್ಸನ್ನು ಬೆನ್ನಿಗೆ ಸಾಗಿಸಿಬಿಡೋಣ ಅಂತ ಐಡಿಯಾ ಬಂತು.

ಈ ಐಡಿಯಾ ನನ್ನದಲ್ಲ. ಅಫ್ಘಾನಿಸ್ತಾನದಲ್ಲಿ ಎರಡೂವರೆ ಗಂಟೆ ಗುಂಡಿನ ಕಾಳಗ ಆದ ಮೇಲೆ, ಅಮೆರಿಕದ ಅಯೋವಾ ನ್ಯಾಷನಲ್ ಗಾರ್ಡ್‌ನ ವಿನ್ಸೆಂಟ್ ವಿಂಕೋವ್‌ಸ್ಕಿ ಎಂಬ ಸಾರ್ಜೆಂಟ್ ಎರಡು ಅಮ್ಮೋ ಡಬ್ಬಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಸಿ, ಆಲಿಸ್ ಎಂಬ ಸೇನೆಯ ಹಳೆಯ ಬೆನ್ನುಚೀಲದ ಫ್ರೇಮಿಗೆ ಕಟ್ಟಿಕೊಂಡ. ವಾಹನದ ಮೇಲಿನ ರಿಮೋಟ್ ಗನ್ನಿಗೆ ಬಳಸುವ ಫೀಡ್ ಚೂಟನ್ನು, ಅಂದರೆ ಗುಂಡಿನ ಬೆಲ್ಟು ಸಾಗುವ ಬಾಗುವ ಕೊಳವೆಯನ್ನು, ಅದಕ್ಕೆ ಜೋಡಿಸಿದ. 500 ಗುಂಡಿನ ಬೆಲ್ಟು ತುಂಡಾಗದೆ ಸೀದಾ ಗನ್ನಿಗೆ ಬರುವ ಹಾಗಾಯಿತು. ಮ್ಯಾಸಚೂಸೆಟ್ಸ್‌ನ ನ್ಯಾಟಿಕ್‌ನಲ್ಲಿರುವ ಸೇನೆಯ ಸಂಶೋಧನಾ ಕೇಂದ್ರದವರು ಅದನ್ನೇ ತಿದ್ದಿ 2011ರಲ್ಲಿ 'ಐರನ್‌ಮ್ಯಾನ್' ಅಂತ ಪ್ರೊಟೋಟೈಪ್ ಮಾಡಿದರು. ನಾನು ಕೊಂಡಿದ್ದು ಆ ಜಾತಿಯ ಬ್ಯಾಗಿನ ಅಗ್ಗದ ನಕಲು. ಫ್ರೇಮು, ಚೂಟು ಎಲ್ಲ ಸೇರಿ 140 ಪೌಂಡ್. ಯಾರ ಕಂಪನಿ ಅಂತ ಹೇಳುವುದಿಲ್ಲ, ನಾಲ್ಕನೇ ಆಟಕ್ಕೇ ಸೊಂಟದ ಬಕಲ್ ಮುರಿಯಿತು ಅಂತ ಮಾತ್ರ ಹೇಳುತ್ತೇನೆ.

ಬಕಲ್ ಬಿಡಿ, ಹೊಸದು ಹಾಕಿದೆ. ನಿಜವಾದ ತೊಂದರೆ ನಾನು ಎಣಿಸಿರದ ಕಡೆಯಿಂದ ಬಂತು. ಸೈನಿಕನ ಬೆನ್ನಿನ ಮೇಲೆ 500 ಗುಂಡು ಅಂದರೆ 12 ಕೆ.ಜಿ.ಗೂ ಜಾಸ್ತಿ ಬರೀ ಹಿತ್ತಾಳೆ, ಸೀಸ, ಉಕ್ಕು. ನನ್ನ 2,500 ಬಿಬಿ, ಒಂದೊಂದು 0.28 ಗ್ರಾಂನಂತೆ, ಸೇರಿದರೆ 700 ಗ್ರಾಂ. ಒಂದು ಪ್ಯಾಕೆಟ್ ಅವಲಕ್ಕಿ! ಭಾರ ಹೊರಲಿಕ್ಕೆ ಅಂತಲೇ ಮಾಡಿದ ಬ್ಯಾಗಿಗೆ ಭಾರವೇ ಇಲ್ಲದಿದ್ದರೆ ಅದು ಬೆನ್ನಿಗೆ ಕೂರುವುದೇ ಇಲ್ಲ. ಓಡಿದರೆ ಫ್ರೇಮು ಕುಣಿಯುತ್ತದೆ, ಮೇಲಿನ ಅಂಚು ಹೆಲ್ಮೆಟ್ಟಿಗೆ ಬಡಿಯುತ್ತದೆ, ಬೋರಲು ಮಲಗಿದರೆ ಹೆಲ್ಮೆಟ್ಟನ್ನು ಕಣ್ಣಿನ ಮೇಲೇ ತಳ್ಳುತ್ತದೆ. ಕೊನೆಗೆ ಎರಡು ಲೀಟರ್ ನೀರಿನ ಚೀಲ ಕೆಳಗಡೆ ಇಟ್ಟ ಮೇಲೆ ಸ್ವಲ್ಪ ತೆಪ್ಪಗಾಯಿತು.

ಇನ್ನು ಪೈಪಿನ ಕಥೆ. ಬೆಲ್ಟಿನಲ್ಲಿ ಗುಂಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಗನ್ನೇ ಎಳೆದುಕೊಳ್ಳುತ್ತದೆ. ಬಿಬಿಗೆ ಕೊಂಡಿ ಇಲ್ಲ, ಹಿಂದಿನಿಂದ ತಳ್ಳಬೇಕು. ಜಾತ್ರೆ ಕ್ಯೂನಲ್ಲಿ ಹಿಂದಿನವರು ನೂಕಿದರೆ ಮುಂದಿನವರು ಹೋಗುತ್ತಾರಲ್ಲ, ಹಾಗೆ, ಆದರೆ ತಿರುವಿನಲ್ಲಿ ಎಲ್ಲರೂ ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತಾರೆ. ಒಂದು ಮೀಟರ್ ಪೈಪಿನಲ್ಲಿ 165ಕ್ಕೂ ಹೆಚ್ಚು ಬಿಬಿ ಸಾಲಾಗಿ ನಿಂತಿರುತ್ತವೆ. ನನ್ನ ಗನ್ ಸೆಕೆಂಡಿಗೆ 20ರ ಹತ್ತಿರ ಕೇಳುತ್ತದೆ, ಬಾಕ್ಸಿನ ಪುಟ್ಟ ಮೋಟರಿಗೆ ಅಷ್ಟು ಉದ್ದದ ಸಾಲನ್ನು ಆ ವೇಗದಲ್ಲಿ ತಳ್ಳಲಿಕ್ಕೆ ಆಗುವುದಿಲ್ಲ. ಹತ್ತು ಹೊಡೆತ ಸರಿಯಾಗಿ, ಆಮೇಲೆ ಬರೀ ಗಾಳಿ. ಜಾರಲಿ ಅಂತ ಪೈಪಿಗೆ ಸಿಲಿಕೋನ್ ಎಣ್ಣೆ ಬಿಟ್ಟೆ. ದಡ್ಡತನ. ಎಣ್ಣೆ ಬಿಬಿಗಳ ಜೊತೆ ಹಾಪ್-ಅಪ್ ರಬ್ಬರ್‌ವರೆಗೂ (ಬಿಬಿಗೆ ಹಿಂದಕ್ಕೆ ತಿರುಗು ಕೊಟ್ಟು ನೇರವಾಗಿ ಹಾರಿಸುವ ರಬ್ಬರು) ಹೋಯಿತು, ಆ ದಿನ ನನ್ನ ಗುಂಡು ಎಲ್ಲಿಗೆ ಹೋಗುತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಬಾಕ್ಸನ್ನು ಬ್ಯಾಗಿನ ತಲೆಯಿಂದ ಇಳಿಸಿ ಬಲಗಡೆ ಸೊಂಟದ ಮಟ್ಟಕ್ಕೆ ಕಟ್ಟಿದಾಗ. ಪೈಪು 70 ಸೆಂ.ಮೀ.ಗೆ ಇಳಿಯಿತು, ಒಂದೇ ಒಂದು ದೊಡ್ಡ ತಿರುವು, ಮಡಚಿಕೊಳ್ಳದಂತೆ ಹೊರಗಡೆ ವಯರಿಂಗಿಗೆ ಹಾಕುವ ಸುಕ್ಕುಸುಕ್ಕು ಕೊಳವೆ. ಒಂದು ಎಚ್ಚರಿಕೆ: ಗನ್ನಿನಿಂದ ಪೈಪು ಕಳಚುವ ಮುಂಚೆ ತುದಿಗೆ ಬೆರಳು ಒತ್ತಿಕೊಳ್ಳಿ. ಇಲ್ಲದಿದ್ದರೆ ನೂರಕ್ಕೂ ಹೆಚ್ಚು ಬಿಬಿ ಒಂದೇ ಸಲಕ್ಕೆ ಚಿಮ್ಮುತ್ತವೆ. ನಾನು ಸೇಫ್ ಝೋನ್‌ನಲ್ಲಿ, ಅಂದರೆ ಗುಂಡು ಹೊಡೆಯಬಾರದ ವಿಶ್ರಾಂತಿ ಜಾಗದಲ್ಲಿ, ಒಬ್ಬರ ಚಹಾಕ್ಕೆ ಸುರಿದಿದ್ದೇನೆ.

ಬಾಕ್ಸಿನೊಳಗೆ ಒಂದು ಮೈಕ್ ಇದೆ, ಗನ್ನಿನ ಸದ್ದು ಕೇಳಿದಾಗ ಮೋಟರ್ ತಿರುಗಲಿ ಅಂತ. ಬ್ಯಾಗಿಗೆ ಹೋದ ಮೇಲೆ ಅದಕ್ಕೆ ಗನ್ನು ಕೇಳಿಸುವುದಿಲ್ಲ, ಫ್ರೇಮಿನ ಕಿರಕಿರ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೇನೆ, ಬೆನ್ನ ಹಿಂದೆ 'ಕರ್ರ್...' ಅಂತ ಮಿಕ್ಸಿ ಶುರು! ಮೈಕ್ ಕಿತ್ತುಹಾಕಿ, ವಯರ್ ಎಳೆದು, ಎಡಗೈ ಹಿಡಿಯುವ ಕಡೆ ಒಂದು ಒತ್ತುವ ಸ್ವಿಚ್ ಹಾಕಿದೆ. ಇಡೀ ಪ್ರಾಜೆಕ್ಟಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ, ಖರ್ಚು ಮೂರು ಪೌಂಡ್ ಕೂಡ ಇಲ್ಲ.

ಇಲ್ಲಿ ತುಂಬಾ ಮೈದಾನಗಳಲ್ಲಿ ಮಣ್ಣಿನಲ್ಲಿ ಕರಗುವ ಬಯೋ ಬಿಬಿಯನ್ನೇ ಬಳಸಬೇಕು. ಡಿಸೆಂಬರಿನಲ್ಲಿ ಆಡಿ ಬಂದು ಬಾಕ್ಸ್ ಖಾಲಿ ಮಾಡದೆ ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ಫೆಬ್ರವರಿಯಲ್ಲಿ ತೆಗೆದರೆ ತೇವಕ್ಕೆ ಉಬ್ಬಿ ಪೈಪಿನಲ್ಲೇ ಕಚ್ಚಿಕೊಂಡು ಕೂತಿದ್ದವು. ಪೈಪು ಕತ್ತರಿಸಿ ಎಸೆದೆ.

ನನಗೆ ಹೆಚ್ಚು ಬೇಜಾರಾಗಿದ್ದು ಮಾತ್ರ ಬೇರೆ ವಿಷಯಕ್ಕೆ. ಈ ಆಟದಲ್ಲಿ ಬಿಬಿ ತಗುಲಿದವನೇ "ಹಿಟ್" ಅಂತ ಕೂಗಿ ಹೊರಗೆ ಹೋಗಬೇಕು, ಎಲ್ಲ ನಂಬಿಕೆಯ ಮೇಲೆ. ನಾನು ಆಡುವ ಕಡೆ ಬ್ಯಾಗಿಗೆ ಬಿದ್ದರೂ ಹಿಟ್ಟೇ. ಆದರೆ ಫ್ರೇಮಿನ ಹಿಂದೆ ದಪ್ಪ ಬಟ್ಟೆಗೆ ಬಿದ್ದ 0.28 ಗ್ರಾಂ ನನಗೆ ಗೊತ್ತಾಗುವುದು ಹೇಗೆ? ಒಂದು ಮಧ್ಯಾಹ್ನ ಆಟ ನೋಡಿಕೊಳ್ಳುವ ಮಾರ್ಷಲ್ ಬಂದು ಮರ್ಯಾದೆಯಿಂದಲೇ, ನಿಮಗೆ ಮೂರು ಸಲ ಬಿದ್ದಿದೆ, ಕೂಗುತ್ತಿಲ್ಲ ಅಂದರು. ಎಲ್ಲರೂ ತಿರುಗಿ ನೋಡಿದರು. ಕಳ್ಳನ ಹಾಗೆ ನಿಂತೆ. ಅಂದಿನಿಂದ ಬೆನ್ನ ಹಿಂದೆ ಟಪ್ ಅಂತ ಏನೇ ಕೇಳಿದರೂ ಕೈ ಎತ್ತಿಬಿಡುತ್ತೇನೆ. ಒಂದೆರಡು ಸಲ ಅದು ಮರದ ಕಾಯಿ ಬಿದ್ದ ಸದ್ದು.

ಹಾಗಾದರೆ ಇನ್ನೂ ಯಾಕೆ ಹೊರುತ್ತಿದ್ದೇನೆ? ಎಡಗೈ ಉಳಿದಿದೆ, ಅದಕ್ಕೆ. ಬಾಕ್ಸ್ ಇಲ್ಲದ ಗನ್ ಸಂಜೆ ನಾಲ್ಕರವರೆಗೂ ಎತ್ತಿ ಹಿಡಿಯಬಹುದು. ದೊಡ್ಡ ಕಾಡಿನಲ್ಲಿ ಒಂದು ಕಡೆ ಕೂತು ದಾರಿ ಕಾಯುವ ಕೆಲಸಕ್ಕೆ ಇದು ಚೆನ್ನಾಗಿದೆ. ಕಟ್ಟಡದೊಳಗಿನ ಆಟಕ್ಕೆ ಬೇಡವೇ ಬೇಡ, ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಆಲಿಸ್ ಫ್ರೇಮ್ ಒಂದು ಸಾಕು, ಬಾಕ್ಸನ್ನು ನೀವೇ ಕಟ್ಟಿಕೊಳ್ಳಿ. ಆ ಚೂಟಿಗೆ ದುಡ್ಡು ಹಾಕಬೇಡಿ, ಅದು ಫೋಟೋಗೆ ಮಾತ್ರ. ನನ್ನದು ಈಗ ಬ್ಯಾಗಿನಿಂದ ಬಿಚ್ಚಿ ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದೇನೆ, ಹತ್ತಿರದವರು ಯಾರಾದರೂ ಬಂದು ಕೇಳಿದರೆ ಸುಮ್ನೆ ಕೊಡುತ್ತೇನೆ.