ಮೆಡಿಕಲ್ ಸ್ಪೆಲ್ ಚೆಕರ್ ಅಂತ ದುಡ್ಡು ಕೊಡೋ ಮೊದಲು ಇದನ್ನು ಓದಿ

₹1,800 ಹೋಯ್ತು. ದುಡ್ಡಿಗಿಂತ ಜಾಸ್ತಿ ಮಾನ ಹೋಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಕೂತು ಡಿಸ್ಚಾರ್ಜ್ ಸಮರಿ ಟೈಪ್ ಮಾಡುತ್ತೇನೆ. ವರ್ಡ್‌ನಲ್ಲಿ ಕಾಯಿಲೆ, ಮಾತ್ರೆ ಹೆಸರು ಹೊಡೆದರೆ ಪುಟವೆಲ್ಲ ಕೆಂಪು ಗೆರೆ, ಅದಕ್ಕೆ ಗೊತ್ತಿಲ್ಲದ ಪದ ಅಂತ. ಈ ಕೆಲಸ ಮಾಡೋರಿಗೆ ಗೊತ್ತೇ ಇದೆ ಅಲ್ವಾ. ಆಗಲೇ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಹಾಕಿದ್ದರು: "ಮೆಡಿಕಲ್ ಡಿಕ್ಷನರಿ, 1 ಲಕ್ಷ ಪದ. ಹಾಕಿಸಿಕೊಂಡರೆ ಪ್ರೂಫ್ ನೋಡೋದೇ ಬೇಡ." ಆ ಕೊನೇ ಮಾತಿಗೇ ಬಿದ್ದೆ ನಾನು. ದುಡ್ಡು ಹಾಕಿದೆ, ಎರಡೇ ನಿಮಿಷದಲ್ಲಿ ರಿಮೋಟ್‌ನಲ್ಲಿ ಹಾಕಿಕೊಟ್ಟರು. ಗೆರೆಗಳೆಲ್ಲ ಮಾಯ. ಖುಷಿಯೋ ಖುಷಿ.

ಹತ್ತು ದಿನಕ್ಕೆ ಡಾಕ್ಟರ ಫೋನು. "ಏನಮ್ಮಾ, ನ್ಯುಮೋನಿಯಾಗೆ ಪಿ ಬಿಟ್ಟಿದ್ದೀರಲ್ಲ? ಅದೂ ಎರಡು ಕಡೆ."

"ಸರ್, ಕೆಂಪು ಗೆರೆ ಬರಲಿಲ್ಲ" ಅಂದೆ. ಹಾಗಂದಿದ್ದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಮೇಲೆ ಅವರು ಹಾಕಿಕೊಟ್ಟ ಡಿಕ್ಷನರಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಡಿಕ್ಷನರಿ ಅಂದರೆ ಅಷ್ಟೇ ನೋಡಿ, ಸಾಲಿಗೊಂದು ಪದ ಇರೋ ಸಾದಾ ಫೈಲು. ಪದ ಅದರಲ್ಲಿದ್ದರೆ ವರ್ಡ್ ಸುಮ್ಮನಿರುತ್ತದೆ, ಸರಿಯೋ ತಪ್ಪೋ ಕೇಳುವುದಿಲ್ಲ. 1 ಲಕ್ಷ ಎಲ್ಲಿಂದ ಬಂತು, ನಾಲ್ಕು ಸಾವಿರವೂ ದಾಟಿರಲಿಲ್ಲ! ನಡುವೆ ಯಾರೋ ಡಾಕ್ಟರುಗಳ ಹೆಸರು, ಯಾವುದೋ ಬಡಾವಣೆ ಹೆಸರು. ಅಲ್ಲೇ ಇತ್ತು, ಪಿ ಇಲ್ಲದ ನ್ಯುಮೋನಿಯಾ. ಯಾರೋ ಟೈಪಿಸ್ಟು ವರ್ಷಗಟ್ಟಲೆ ಕೆಂಪು ಗೆರೆ ಕಂಡಾಗೆಲ್ಲ 'ಆ್ಯಡ್ ಟು ಡಿಕ್ಷನರಿ' ಒತ್ತಿದ ಫೈಲದು. ಅವರ ತಪ್ಪುಗಳನ್ನು ನಾನು ದುಡ್ಡು ಕೊಟ್ಟು ಕೊಂಡಿದ್ದೆ!

ಮಾರಿದವರನ್ನು ಕೇಳಿದರೆ ಏನು ಉತ್ತರ ಬಂತು ಗೊತ್ತಾ?

"ಮೇಡಂ, ಅದು ಅಮೆರಿಕನ್ ಸ್ಪೆಲಿಂಗ್ ಇರಬಹುದು."

ಯಾವ ಅಮೆರಿಕದಲ್ಲಪ್ಪಾ?

"ಬೇಡದ ಪದ ನೀವೇ ಡಿಲೀಟ್ ಮಾಡ್ಕೊಳ್ಳಿ ಮೇಡಂ, ಅದು ಎಡಿಟ್ ಮಾಡೋ ಫೈಲೇ." ದುಡ್ಡು ವಾಪಸ್ ಕೊಡಿ ಅಂದೆ. "ಫೈಲ್ ಓಪನ್ ಮಾಡಿದ್ದೀರಿ, ರಿಫಂಡ್ ಆಗಲ್ಲ." ಓಪನ್ ಮಾಡದೆ ಪೂಜೆ ಮಾಡಬೇಕಿತ್ತಾ? ಅಷ್ಟರಲ್ಲಿ ಬ್ಲಾಕ್.

ಪ್ರೂಫ್ ಬೇಡ ಅಂತ ಯಾರೇ ಹೇಳಲಿ, ನಂಬಬೇಡಿ. ಹೈಡ್ರಾಲಜೀನ್ ಬಿಪಿಗೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಒಂದರ ಜಾಗದಲ್ಲಿ ಇನ್ನೊಂದು ಹೊಡೆದರೂ ಎರಡೂ ಸರಿಯಾದ ಪದವೇ. ಎಂಥಾ ಡಿಕ್ಷನರಿ ಇದ್ದರೂ ಗೆರೆ ಬರುವುದಿಲ್ಲ.

ಪಟ್ಟಿ ಬೇಕೇ ಬೇಕು ಅಂದರೆ ಓಪನ್‌ಮೆಡ್‌ಸ್ಪೆಲ್ ಅಂತ ಪುಕ್ಕಟೆಯದೇ ಇದೆ. ಅದು ನಿಜವಾಗಿಯೂ ಅಮೆರಿಕನ್ ಸ್ಪೆಲಿಂಗು, ನಮ್ಮ ಡಾಕ್ಟರು ಬರೆಯೋ ಅನೀಮಿಯಾಗೆ ಒಂದು 'ಎ' ಜಾಸ್ತಿ ಬೇಕು, ನಾವೇ ಸೇರಿಸಿಕೊಳ್ಳಬೇಕು. ಹಾಕಿಕೊಳ್ಳೋದು ಸುಲಭ, ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಕಸ್ಟಮ್ ಡಿಕ್ಷನರೀಸ್. ಅಲ್ಲಿ ಆ್ಯಡ್ ಒತ್ತಿದರೆ ಆಯ್ತು. ಇದಕ್ಕಾ ನಾನು ₹1,800 ಕೊಟ್ಟಿದ್ದು! ಯಾರಾದರೂ ಫೈಲ್ ಕೊಟ್ಟರೆ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ದುಡ್ಡು ಆಮೇಲೆ.

ಮೊನ್ನೆ ಅದೇ ಜಾಹೀರಾತು ಇನ್ನೊಂದು ಗ್ರೂಪಿನಲ್ಲಿ ಕಂಡೆ. ಈಗ ರೇಟು ₹2,400 ಅಂತೆ.