ಸೂತ್ರ ಹುಡುಕುವವರಿಗೆ ನಿಸ್ಟ್‌ನ ಸ್ಥಿರಾಂಕ ಕೋಷ್ಟಕ: ಒಂದು ವಿಮರ್ಶೆ

ಭೌತಶಾಸ್ತ್ರದ ಮೂಲಭೂತ ಸ್ಥಿರಾಂಕಗಳ ನಡುವೆ ಗಣಿತದ ನಂಟು ಹುಡುಕುವ ಆಸಕ್ತಿಯುಳ್ಳವರಿಗೆ, ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಉಚಿತವಾಗಿ ನಡೆಸುವ ಸ್ಥಿರಾಂಕಗಳ ಜಾಲತಾಣಕ್ಕಿಂತ ಉಪಯುಕ್ತವಾದ ಸೇವೆಯನ್ನು ನಾನು ಕಂಡಿಲ್ಲ. ವೈಜ್ಞಾನಿಕ ದತ್ತಾಂಶಕ್ಕಾಗಿರುವ ಅಂತರರಾಷ್ಟ್ರೀಯ ಸಮಿತಿಯಾದ ಕೊಡಾಟಾದ ಕಾರ್ಯತಂಡವು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಮೌಲ್ಯಗಳು ಅಲ್ಲಿ ದೊರೆಯುತ್ತವೆ. ನಾನು ಬಳಸಿರುವುದು 2022ರ ಪರಿಷ್ಕರಣೆಯನ್ನು.

ಪ್ರತಿಯೊಂದು ಮೌಲ್ಯದ ಪಕ್ಕದಲ್ಲೇ ಅದರ ಅನಿಶ್ಚಿತತೆಯನ್ನೂ ಕೊಟ್ಟಿರುವುದು ದೊಡ್ಡ ಉಪಕಾರ. 1951ರಲ್ಲಿ ಫ್ರೆಡ್ರಿಕ್ ಲೆಂಜ್ ಅವರು, ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ದ್ರವ್ಯರಾಶಿಯ ಅನುಪಾತವು ಪೈನ ಐದನೇ ಘಾತದ ಆರರಷ್ಟಕ್ಕೆ, ಅಂದರೆ 1836.12ಕ್ಕೆ, ಹೊಂದುತ್ತದೆಯೆಂದು ಪುಟ್ಟ ಟಿಪ್ಪಣಿಯೊಂದರಲ್ಲಿ ಗಮನ ಸೆಳೆದರು. ಆಗಿನ ಅಳತೆಯಲ್ಲಿ 0.05ರಷ್ಟು ಅನಿಶ್ಚಿತತೆ ಇದ್ದುದರಿಂದ ಆ ಹೊಂದಾಣಿಕೆಯನ್ನು ತಳ್ಳಿಹಾಕುವಂತಿರಲಿಲ್ಲ. ಇಂದು ಕೋಷ್ಟಕದಲ್ಲಿರುವ ಅನುಪಾತ 1836.152673426; ಅನಿಶ್ಚಿತತೆ ಕೊನೆಯ ಎರಡು ಅಂಕಿಗಳಲ್ಲಿ 32, ಅಂದರೆ 0.000000032. ಸೂತ್ರಕ್ಕೂ ಅಳತೆಗೂ ಇರುವ ಅಂತರವು ಈ ಅನಿಶ್ಚಿತತೆಯ ಹತ್ತು ಲಕ್ಷ ಪಟ್ಟನ್ನು ಮೀರುತ್ತದೆ. ಎಲೆಕ್ಟ್ರಾನ್ ಮತ್ತು ಅದರ ಭಾರವಾದ ಬಂಧುಗಳಾದ ಮ್ಯೂಆನ್ ಹಾಗೂ ಟಾವ್ ಕಣಗಳ ದ್ರವ್ಯರಾಶಿಗಳನ್ನು 2/3 ಎಂಬ ಭಿನ್ನರಾಶಿಯಲ್ಲಿ ಬೆಸೆಯುವ ಕೊಯ್ಡೆ ಸೂತ್ರವಾದರೋ ಇದೇ ಕೋಷ್ಟಕದ ಅಂಕಿಗಳ ಮುಂದೆ ಇನ್ನೂ ನಿಂತಿದೆ. ಅದಕ್ಕೆ ಒಪ್ಪಿತವಾದ ಕಾರಣ ಸಿಕ್ಕಿಲ್ಲವೆಂಬುದೇ ಅದರ ಸೆಳೆತ.

ಆದರೆ ನಾನು ಎಲ್ಲಕ್ಕಿಂತ ಮಿಗಿಲೆಂದು ಭಾವಿಸುವುದು, ಯಾವುದೇ ಎರಡು ಸ್ಥಿರಾಂಕಗಳನ್ನು ಆರಿಸಿಕೊಂಡರೆ ಅವುಗಳ ಸಹಸಂಬಂಧ ಗುಣಾಂಕವನ್ನು, ಅಂದರೆ ಅವೆರಡರ ಅನಿಶ್ಚಿತತೆಗಳು ಎಷ್ಟರಮಟ್ಟಿಗೆ ಒಂದಕ್ಕೊಂದು ತಳಕುಹಾಕಿಕೊಂಡಿವೆ ಎಂಬುದನ್ನು -1ರಿಂದ 1ರವರೆಗಿನ ಅಂಕಿಯಲ್ಲಿ ತೋರಿಸುವ ಸೌಲಭ್ಯವನ್ನು. 2019ರ ಮೇ 20ರಿಂದ ಪ್ಲ್ಯಾಂಕ್ ಸ್ಥಿರಾಂಕಕ್ಕೂ ಮೂಲ ವಿದ್ಯುದಾವೇಶಕ್ಕೂ ನಿಖರ ಬೆಲೆಗಳನ್ನು ನಿಗದಿಪಡಿಸಿದ ಮೇಲೆ, ನಿರ್ವಾತದ ಕಾಂತೀಯ ಸ್ಥಿರಾಂಕವು, ವಿದ್ಯುತ್ಕಾಂತೀಯ ಬಲದ ತೀವ್ರತೆಯನ್ನು ಸೂಚಿಸುವ ಸೂಕ್ಷ್ಮರಚನಾ ಸ್ಥಿರಾಂಕದಿಂದಲೇ ಲೆಕ್ಕಹಾಕಬೇಕಾದ ರಾಶಿಯಾಯಿತು. ಇದನ್ನರಿಯದೆ ಆ ಎರಡರ ನಡುವೆ ಸೂತ್ರವೊಂದನ್ನು ಕಂಡುಕೊಂಡವರು, ವ್ಯಾಖ್ಯೆಯಲ್ಲಿ ಮೊದಲೇ ಇದ್ದುದನ್ನೇ ಮರಳಿ ಪಡೆದಂತಾಗುತ್ತದೆ. ಎಲೆಕ್ಟ್ರಾನಿನ ದ್ರವ್ಯರಾಶಿಗೂ ಸೂಕ್ಷ್ಮರಚನಾ ಸ್ಥಿರಾಂಕಕ್ಕೂ ಗುಣಾಂಕವು -1ಕ್ಕೆ ತೀರ ಹತ್ತಿರವಿದೆ, ಏಕೆಂದರೆ ಆ ದ್ರವ್ಯರಾಶಿಯನ್ನು, ಪರಮಾಣುಗಳ ರೋಹಿತರೇಖೆಗಳಿಂದ ಅಳೆಯುವ ರಿಡ್‌ಬರ್ಗ್ ಸ್ಥಿರಾಂಕದ ಮೂಲಕ ಸೂಕ್ಷ್ಮರಚನಾ ಸ್ಥಿರಾಂಕದಿಂದಲೇ ಪಡೆಯಲಾಗುತ್ತದೆ. ಸೂತ್ರವನ್ನು ಪ್ರಕಟಿಸುವ ಮುನ್ನ ಈ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದು ಪ್ರತಿಯೊಬ್ಬ ಹವ್ಯಾಸಿಯಲ್ಲೂ ನನ್ನ ಕಳಕಳಿಯ ವಿನಂತಿ.

ಗುರುತ್ವ ಸ್ಥಿರಾಂಕದ ಪುಟವನ್ನು ಮಾತ್ರ ವಿಶೇಷ ಎಚ್ಚರದಿಂದ ಓದಬೇಕು. ಅದರ ಸಾಪೇಕ್ಷ ಅನಿಶ್ಚಿತತೆ ಹತ್ತು ಲಕ್ಷದಲ್ಲಿ 22 ಭಾಗದಷ್ಟಿರುವುದರಿಂದ, ಪೈ ಮತ್ತು ಪೂರ್ಣಾಂಕಗಳನ್ನು ಜೋಡಿಸುತ್ತ ಹೋದರೆ ಅದಕ್ಕೆ ಹೊಂದುವ ಸೂತ್ರಗಳು ರಾಶಿರಾಶಿಯಾಗಿ ಸಿಗುತ್ತವೆ.

ಕೊರತೆಯೂ ಇದೆ. ಎಲ್ಲ ಮೌಲ್ಯಗಳನ್ನೂ ಒಟ್ಟಿಗೆ ಕೊಡುವ ಪಠ್ಯ ಕಡತದಲ್ಲಿ ಅಂಕಿಗಳ ನಡುವೆ ಖಾಲಿ ಜಾಗ ಬಿಟ್ಟಿರುವುದರಿಂದ, ಅದನ್ನು ಗಣಕ ಕಾರ್ಯಕ್ರಮಕ್ಕೆ ನೇರವಾಗಿ ಉಣಿಸಲಾಗದು. ಇದಕ್ಕಿಂತ ಗಂಭೀರವಾದುದು, 2 ಪೈನಿಂದ ಭಾಗಿಸಿದ ಪ್ಲ್ಯಾಂಕ್ ಸ್ಥಿರಾಂಕದಂಥ ನಿಖರ ರಾಶಿಗಳನ್ನೂ ಹತ್ತು ಅಂಕಿಗಳಿಗೆ ಮೊಟಕುಗೊಳಿಸಿ ಮುಂದೆ ಮೂರು ಚುಕ್ಕಿ ಇಟ್ಟಿರುವುದು. ಹೆಚ್ಚಿನ ಅಂಕಿಗಳು ಬೇಕಾದವರು ಆ ಸಾಲನ್ನು ಬಿಟ್ಟು, ನಿಗದಿತ ಮೌಲ್ಯದಿಂದ ತಾವೇ ಲೆಕ್ಕಹಾಕಿಕೊಳ್ಳಬೇಕು.